ಮೂರು ಸಲ ಕರೆದರೂ ಬಾರದವರು

ಕೊಟ್ಟೆನೋ, ಇಲ್ಲವೋ? ಕೈಯಲ್ಲಿರುವ ಲೋಟ ಖಾಲಿಯಾಗಿದೆ. ನೀರು ಕುಡಿದದ್ದು ಅವಳೋ, ತಾನೋ? ಬಿಳಿ ಮಾತ್ರೆ ಎರಡು ಸಲ ಹೋದರೆ ರಕ್ತದೊತ್ತಡ ಕುಸಿಯುತ್ತದೆ, ಹೋಗದೇ ಇದ್ದರೆ ಏರುತ್ತದೆ. ಬೆಳಗಿನ ಐದೂವರೆ. ಹಾಸಿಗೆಯ ಪಕ್ಕ ನಿಂತ ಐವತ್ತೆಂಟರ ಮನುಷ್ಯ ಮಾತ್ರೆಯ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಡೆದ ಗುಳಿಗಳನ್ನು ಎಣಿಸುತ್ತಾರೆ. ಒಂಬತ್ತು. ನಿನ್ನೆ ಎಷ್ಟಿದ್ದವು ಎಂಬುದು ನೆನಪಿಲ್ಲ.

"ಕೊಟ್ರಿ ರೀ," ಎನ್ನುತ್ತಾರೆ ಹಾಸಿಗೆಯಲ್ಲಿರುವ ಹೆಂಡತಿ, ಒಂದೊಂದೇ ಮಾತನ್ನು ಎಳೆದು. "ಮಾತ್ರೆ ಕೊಟ್ಟು, ನೀರು ನೀವೇ ಕುಡಿದ್ರಿ. ಇನ್ನೂ ನಾಲಿಗೆ ಮೇಲೇ ಇದೆ. ಕಹಿ."

ಇಬ್ಬರೂ ನಗುತ್ತಾರೆ. ಗಂಡನ ನಗು ಮಧ್ಯದಲ್ಲೇ ಕೆಮ್ಮಾಗುತ್ತದೆ. ಅದು ಹೆಂಡತಿಗೆ ಕಾಣದಂತೆ ಬೆನ್ನು ತಿರುಗಿಸಿ ಲೋಟಕ್ಕೆ ಮತ್ತೆ ನೀರು ತುಂಬುತ್ತಾರೆ.

ಆಸ್ಪತ್ರೆಯ ಹೊರರೋಗಿಗಳ ವಿಭಾಗದಲ್ಲಿ ಇವರನ್ನು ಕಾಣದವರಿಲ್ಲ, ನೋಡಿದವರೂ ಇಲ್ಲ. ಉದ್ದನೆಯ ಹಜಾರ, ಎಂಟು ಕೋಣೆ, ನೂರಿಪ್ಪತ್ತು ಕುರ್ಚಿ. ನಡುವೆ ಎತ್ತರದ ಸ್ಟೂಲು, ಅದರ ಮೇಲೆ ರಿಜಿಸ್ಟರ್ ಹಿಡಿದ ಇವರು. ಇಪ್ಪತ್ತೆರಡು ವರ್ಷಗಳಿಂದ ಇವರ ಕೆಲಸ ಒಂದೇ: ಹೆಸರು ಕರೆಯುವುದು. ದಿನಕ್ಕೆ ನೂರೈವತ್ತು ಹೆಸರು, ಒಂದೊಂದನ್ನೂ ಬೇಕಾದರೆ ಮೂರು ಸಲ. ಕರೆಸಿಕೊಂಡವರು "ಬಂದೆ" ಎನ್ನಬೇಕು. ಮೂರನೇ ಸಲಕ್ಕೂ ಯಾರೂ ಬಂದೆ ಎನ್ನದಿದ್ದರೆ ಹೆಸರಿನ ಮುಂದೆ "ಗೈರು" ಎಂದು ಬರೆದು ಮುಂದಿನವರನ್ನು ಕರೆಯಬೇಕು.

"ಮೊದಲ್ನೇ ಸಲ ಕಿವಿಗೆ, ಎರಡನೇ ಸಲ ಕಾಲಿಗೆ, ಮೂರನೇದು ಭಯಕ್ಕೆ," ಎಂದು ವಿವರಿಸುತ್ತಾರೆ. "ಎಷ್ಟೋ ಜನ ಇಲ್ಲೇ ಕೂತಿರ್ತಾರೆ. ಒಳಗೆ ಏನು ಹೇಳ್ತಾರೋ ಅಂತ ಏಳಲ್ಲ. ನಾನು ಗುರುತು ಹಿಡೀತೀನಿ. ಹೆಸರು ಕರೆದಾಗ ಚೀಲದ ದಾರ ಬಿಗಿ ಮಾಡ್ಕೊಳ್ತಾರೆ. ಅಂಥವ್ರ ಕಡೆ ತಿರುಗಿ ಮೂರನೇ ಸಲ ಮೆತ್ತಗೆ ಕರೀತೀನಿ."

ಹಜಾರಕ್ಕೆ ಬಂದ ಮೊದಲ ಧ್ವನಿವರ್ಧಕ ಆರು ತಿಂಗಳಿಗೇ ಕೆಟ್ಟಿತು. ರಿಪೇರಿಗೆ ಹೋದದ್ದು ತಿರುಗಿ ಬರಲಿಲ್ಲ. ಇವರ ಕಂಠಕ್ಕೆ ಅದರ ಅಗತ್ಯವೂ ಬೀಳಲಿಲ್ಲ. ಅಂದಿನಿಂದ ವೈದ್ಯರಿಂದ ಕಸ ಗುಡಿಸುವವರವರೆಗೆ ಎಲ್ಲರಿಗೂ ಇವರು "ಮೈಕಣ್ಣ". ಸಂಬಳದ ದಿನ ಸಹಿ ಹಾಕಿಸುವ ಗುಮಾಸ್ತನೂ "ಮೈಕಣ್ಣ, ಇಲ್ಲೊಂದು ಗೀಚು" ಎನ್ನುತ್ತಾನೆ. ಮನೆಯಲ್ಲಿ "ರೀ". ತಂದೆ ತಾಯಿ ಇಟ್ಟ ಹೆಸರನ್ನು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ.

ಎರಡು ವರ್ಷದ ಹಿಂದೆ ಹೆಂಡತಿಗೆ ಪಾರ್ಶ್ವವಾಯು ಬಡಿಯಿತು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಗಳ ಗುಂಡಿ ಪರೀಕ್ಷಿಸುತ್ತಿದ್ದವರು ಅವರು. ಬಲಗೈ ಬಲಗಾಲು ಸೋತವು, ಮಾತು ನಿಧಾನವಾಯಿತು, ಅದರ ಮೊನೆ ಮಾತ್ರ ಮೊಂಡಾಗಲಿಲ್ಲ. ದಿನಕ್ಕೆ ಹನ್ನೊಂದು ಮಾತ್ರೆ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಎರಡು ಹೊತ್ತು ಕೈಕಾಲಿಗೆ ವ್ಯಾಯಾಮ. ಎಂಟೂವರೆಯಿಂದ ಒಂದೂವರೆಯವರೆಗೆ ಪಕ್ಕದ ಮನೆಯ ಅಕ್ಕ ನೋಡಿಕೊಳ್ಳುತ್ತಾರೆ. ಆಮೇಲೆ ಇವರೇ. ಅಕ್ಕನಿಗೂ ತಮಗೂ ಮರೆಯದಿರಲೆಂದು ಮಾತ್ರೆಗಳ ವೇಳೆಯನ್ನು ದಪ್ಪ ಹಳದಿ ಚೀಟಿಗಳ ಮೇಲೆ ದೊಡ್ಡಕ್ಷರದಲ್ಲಿ ಬರೆದು ಹಾಸಿಗೆಯ ಎದುರು ಗೋಡೆಗೆ ಅಂಟಿಸಿದ್ದಾರೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ: ಈ ವರ್ಷ ಒಂದೊಂದಾಗಿ ಗೋಡೆಗೇರಿದ ನಾಲ್ಕು ಚೀಟಿ.

ಈ ವರ್ಷದ ಆರಂಭದಿಂದ ಮೈಕಣ್ಣನ ದನಿ ಒಡೆಯತೊಡಗಿತು. ಕೂಗಿ ಕೂಗಿ ಹೀಗಾಗಿದೆ ಎಂದುಕೊಂಡರು. ಬಿಸಿನೀರು ಕುಡಿದರು. ಒಂದು ದಿನ ಆರನೇ ಕೋಣೆಯ ಕಿವಿ, ಮೂಗು, ಗಂಟಲಿನ ವೈದ್ಯರು ಹಜಾರ ದಾಟುತ್ತ ನಿಂತು ಕೇಳಿಸಿಕೊಂಡರು. "ಎಷ್ಟು ದಿನದಿಂದ ಹೀಗಿದೆ? ಮೂರು ವಾರ ದಾಟಿದ್ರೆ ಒಳಗೆ ನೋಡ್ಲೇಬೇಕು. ತಡ ಮಾಡ್ಬೇಡಿ," ಎಂದು ದಿನಾಂಕದ ಚೀಟಿ ಬರೆಸಿಕೊಟ್ಟರು. ಆ ದಿನ ತಪ್ಪಿತು. ತಪ್ಪಿದ್ದು ಒಂದು ವಾರದ ಮೇಲೆ ಹೊಳೆಯಿತು. ಮತ್ತೊಂದು ದಿನಾಂಕ ಬರೆಸಿಕೊಂಡರು.

ಕಳೆದ ತಿಂಗಳ ಒಂದು ಗುರುವಾರ. ಹನ್ನೊಂದು ಗಂಟೆ ಹತ್ತು ನಿಮಿಷ. ಕುರ್ಚಿಗಳೆಲ್ಲ ತುಂಬಿವೆ. ಮೈಕಣ್ಣ ರಿಜಿಸ್ಟರಿನ ಮೇಲೆ ಬೆರಳಿಟ್ಟು ಆರನೇ ಕೋಣೆಗೆ ಒಂದು ಹೆಸರು ಕರೆಯುತ್ತಾರೆ. ಉತ್ತರವಿಲ್ಲ. ಎರಡನೇ ಸಲ ಕರೆಯುತ್ತಾರೆ. ಜನ ಅಕ್ಕಪಕ್ಕ ನೋಡುತ್ತಾರೆ. ಚೀಲದ ದಾರ ಬಿಗಿ ಮಾಡಿದವರು ಯಾರಾದರೂ ಇದ್ದಾರೆಯೇ ಎಂದು ಅವರು ಸಾಲು ಸಾಲಾಗಿ ಹುಡುಕಿ, ಮೂರನೇ ಸಲ ಮೆತ್ತಗೆ ಕರೆಯುತ್ತಾರೆ. ಪೆನ್ನು ತೆಗೆದು "ಗೈರು" ಎಂದು ಬರೆಯುತ್ತಾರೆ.

ಹಿರಿಯ ನರ್ಸ್ ಕೈಯಲ್ಲಿದ್ದ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಹತ್ತಿರ ಬರುತ್ತಾರೆ.

"ಮೈಕಣ್ಣ, ಈಗ ಯಾರನ್ನ ಕರೆದೆ?"

"ನಲವತ್ತೊಂದನೇ ನಂಬರು, ಸಿಸ್ಟರ್. ಬಂದಿಲ್ಲ ಆಸಾಮಿ."

"ಹೆಸರು ಓದು."

ಓದುತ್ತಾರೆ.

"ಅದು ಯಾರಪ್ಪ?"

ಮೈಕಣ್ಣ ಆ ಸಾಲನ್ನು ಮತ್ತೊಮ್ಮೆ ಓದಿಕೊಳ್ಳುತ್ತಾರೆ. ಬೆರಳು ಹೆಸರಿನ ಮೇಲೇ ಇದೆ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು, ಅವರ ಮುಖ ನೋಡಿ ನಗು ನುಂಗುತ್ತಾರೆ. ನರ್ಸ್ ರಿಜಿಸ್ಟರನ್ನು ಕಿತ್ತುಕೊಂಡು ಹಿಂದಿನ ಪುಟಗಳನ್ನು ತಿರುವುತ್ತಾರೆ. ಮೂರು ವಾರದ ಹಿಂದೆ, ಆರನೇ ಕೋಣೆ, ಅದೇ ಹೆಸರು, ಗೈರು. ಅದಕ್ಕೂ ಹಿಂದೆ ಒಮ್ಮೆ. ಮತ್ತೂ ಹಿಂದೆ ಒಮ್ಮೆ. ನಾಲ್ಕೂ ಕಡೆ ಒಂದೇ ಕೈಬರಹ. ಈ ಸ್ಟೂಲಿನಿಂದ ಆರನೇ ಕೋಣೆಯ ಬಾಗಿಲಿಗೆ ಹದಿನಾಲ್ಕು ಹೆಜ್ಜೆ.

"ನಾಲ್ಕು ಸಲ," ಎಂದು ನರ್ಸ್ ಪುಟದ ಮೇಲೆ ಬೆರಳು ಬಡಿಯುತ್ತಾರೆ. "ನಿನ್ನನ್ನ ನೀನೇ ನಾಲ್ಕು ಸಲ ಕರೆದು, ಬಂದಿಲ್ಲ ಅಂತ ನೀನೇ ಬರೆದಿದ್ದೀಯ. ಚೀಟಿ ಎಲ್ಲಿ?"

"ಮನೇಲಿ. ಗೋಡೆ ಮೇಲೆ."

ಮೈಕಣ್ಣ ಗೋಡೆಯ ಗಡಿಯಾರ ನೋಡುತ್ತಾರೆ. ನರ್ಸ್ ಬಾಗಿಲಿನ ಕಡೆ ತೋಳು ಹಿಡಿದೆಳೆದರೆ, "ಇನ್ನೂ ನೂರು ಜನ ಇದ್ದಾರೆ, ಸಿಸ್ಟರ್. ಒಂದೂವರೆಗೆ ಅಕ್ಕ ಹೊರಟುಬಿಡ್ತಾರೆ," ಎಂದು ನಲವತ್ತೆರಡನೆಯವರನ್ನು ಕರೆಯುತ್ತಾರೆ. ಆ ಕರೆ ಮೂರನೇ ಸಾಲಿನವರಿಗೂ ಕೇಳಿಸುವುದಿಲ್ಲ.

ಮಧ್ಯಾಹ್ನ ಮನೆಯಲ್ಲಿ ಮೊದಲ ಚೀಟಿಯ ಅಂಚನ್ನು ಉಗುರಿನಿಂದ ಎಬ್ಬಿಸುತ್ತಿದ್ದಾಗ ಹೆಂಡತಿ ಕೇಳುತ್ತಾರೆ: "ಏನ್ರೀ ಅದು?"

"ಅಂಟು ಬಿಟ್ಟಿದೆ ಕಣೇ. ಸರಿ ಮಾಡ್ತಿದ್ದೀನಿ."

"ಸರಿ ಮಾಡೋಕೆ ಯಾರಾದ್ರೂ ಕೀಳ್ತಾರಾ? ತಿರುಗಿಸಿ."

ತಿರುಗಿಸುತ್ತಾರೆ. ಬೆನ್ನಿಗೆ ಗೋಡೆಯ ಸುಣ್ಣ ಮೆತ್ತಿಕೊಂಡಿದೆ. ಅದರಡಿಯಲ್ಲಿ ಅವರ ಹೆಸರು, ಆರನೇ ಕೋಣೆ, ದಿನಾಂಕ. ಎರಡನೆಯದು, ಮೂರನೆಯದು, ನಾಲ್ಕನೆಯದೂ ಹಾಗೆಯೇ. ಚೀಟಿ ದಪ್ಪಗಿತ್ತು, ಹಿಂಭಾಗ ಖಾಲಿಯಿತ್ತು, ಅಷ್ಟೇ ಕಾರಣ. ಹೆಂಡತಿಯ ಮಾತ್ರೆಯ ವೇಳೆ ಕಣ್ಣೆದುರಿಗೆ ಉಳಿಯಿತು, ಗಂಡನ ವೇಳೆ ಗೋಡೆಯ ಕಡೆಗೆ ಹೋಯಿತು.

"ಸಡಿಲ ಗುಂಡಿ ಇದ್ರೆ ಮಾರು ದೂರದಿಂದ ಕಂಡುಹಿಡೀತಿದ್ದೆ," ಎಂದು ಈಗ ಹೆಂಡತಿ ಹೇಳುತ್ತಾರೆ. "ಆರು ತಿಂಗಳಿಂದ ಈ ಚೀಟಿಗಳನ್ನೇ ನೋಡ್ಕೊಂಡು ಮಲಗಿದ್ದೀನಿ. ನಾನು ನುಂಗಿದ ಒಂದೊಂದು ಮಾತ್ರೆನೂ ಇವರ ದಿನಾಂಕದ ಬೆನ್ನ ಮೇಲೆ ಬರೆದದ್ದು. ಹೇಗೆ ನುಂಗ್ಲಿ ಹೇಳಿ?"

ನಿಜವಾಗಿ ಮರೆತದ್ದೇ ಎಂದು ಕೇಳಿದರೆ ಮೈಕಣ್ಣ ಅಂಗೈ ನೋಡಿಕೊಳ್ಳುತ್ತಾರೆ. ಗೋಡೆಯಲ್ಲಿ ಹಳೆಯ ಚೀಟಿ ಕಿತ್ತ ಜಾಗದಲ್ಲಿ ನಾಲ್ಕು ಚೌಕ ಕಲೆಗಳಿವೆ. "ಮೊದಲ್ನೇದು ಮರೆತೆ. ಆಣೆ ಮಾಡ್ತೀನಿ. ಮಿಕ್ಕಿದ್ದು ಗೊತ್ತಿಲ್ಲ. ಒಳಗೆ ಹೋದ್ರೆ ಏನಾದ್ರೂ ಹೇಳ್ತಾರೆ. ಹೇಳಿದ್ರೆ ಮಲಗಿಸ್ತಾರೆ. ನಾನು ಮಲಗಿದ್ರೆ ಇವಳ ಮಗ್ಗುಲು ಬದಲಿಸೋರು ಯಾರು? ಚೀಲದ ದಾರ ಹಿಡ್ಕೊಂಡು ಕೂತೋರನ್ನ ಕಂಡ್ರೆ ನಗು ಬರ್ತಿತ್ತು ನನಗೆ."

ಮುಂದಿನ ಗುರುವಾರ ಹಜಾರದ ಮೊದಲ ಸಾಲಿನ ಪಕ್ಕ ಗಾಲಿಕುರ್ಚಿಯೊಂದು ನಿಂತಿದೆ. ಹೆಂಡತಿಯದೇ ಹಟ, ಪಕ್ಕದ ಮನೆಯ ಅಕ್ಕ ತಳ್ಳಿಕೊಂಡು ಬಂದಿದ್ದಾರೆ. ಮೈಕಣ್ಣ ಹದಿನಾರು ಹೆಸರು ಕರೆದು ಹದಿನೇಳಕ್ಕೆ, ತಮ್ಮದೇ ಹೆಸರಿಗೆ, ಬಂದು ನಿಲ್ಲುತ್ತಾರೆ. ನರ್ಸ್ ರಿಜಿಸ್ಟರನ್ನು ಅವರ ಕೈಯಿಂದ ತೆಗೆದು ಗಾಲಿಕುರ್ಚಿಯವರ ತೊಡೆಯ ಮೇಲಿಡುತ್ತಾರೆ.

ಮೂವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಗಂಡನ ಹೆಸರು ಹಿಡಿದು ಕರೆಯದವರು ಎಡಗೈ ಬೆರಳನ್ನು ಸಾಲಿನ ಮೇಲಿಟ್ಟು ಕರೆಯುತ್ತಾರೆ. ಮೊದಲ ಅಕ್ಷರಕ್ಕೇ ನಾಲಿಗೆ ತೊಡರುತ್ತದೆ. ಮತ್ತೆ ಕರೆಯುತ್ತಾರೆ, ಕೊನೆಯ ಅಕ್ಷರ ಬೀಳುತ್ತದೆ. ಮೂರನೇ ಸಲ ಹೆಸರು ಪೂರ್ತಿಯಾಗಿ ಬರುತ್ತದೆ, ಗಟ್ಟಿಯಾಗಿ, ಹಜಾರದ ಕೊನೆಯ ಕುರ್ಚಿಗೂ ಕೇಳುವಂತೆ.

"ಮೈಕಣ್ಣ, ನಿನ್ ಕೆಲಸ ಹೋಯ್ತು ನೋಡು," ಎನ್ನುತ್ತಾರೆ ಕಸ ಗುಡಿಸುವ ಅಮ್ಮ.

ವೈದ್ಯರು ಧ್ವನಿಪೆಟ್ಟಿಗೆಯ ಮೇಲೆ ಒಂದು ಗಂಟು ಕಂಡಿದ್ದಾರೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಉತ್ತರ ಇನ್ನೂ ಬರಬೇಕು. ಅಲ್ಲಿಯವರೆಗೆ ಗಂಟಲಿಗೆ ವಿಶ್ರಾಂತಿ, ಹೆಸರು ಕರೆಯುವಂತಿಲ್ಲ. ಮೇಲಿನ ಮಾತುಗಳನ್ನೆಲ್ಲ ಅವರು ಪಿಸುದನಿಯಲ್ಲಿ, ಹೆಂಡತಿ ಕಣ್ಣಲ್ಲೇ ಗದರಿದಾಗಲೆಲ್ಲ ನಿಲ್ಲಿಸಿ, ಆಡಿದ್ದು. ಗೋಡೆಯಲ್ಲಿ ಆ ಕಲೆಗಳ ಪಕ್ಕ ಈಗ ಐದು ಹೊಸ ಚೀಟಿಗಳಿವೆ. ಐದನೆಯದು ಗಂಡನದು, ಹೆಸರು ಕಾಣುವಂತೆ ಅಂಟಿದೆ. ಅವರಿಗೊಂದು ಆಸೆ ಇದೆ: ದನಿ ಉಳಿದರೆ ನಿವೃತ್ತಿಯವರೆಗಿನ ಎರಡು ವರ್ಷ ಅದೇ ಸ್ಟೂಲಿನ ಮೇಲೆ ಕೂರಬೇಕು.

ಆ ಗುರುವಾರ ಹೆಂಡತಿ ಮೂರನೇ ಸಲ ಕರೆದಾಗ ಅವರು ಸ್ಟೂಲಿನಿಂದ ಇಳಿದರು, ಅಂಗಿಯ ಗುಂಡಿ ಸರಿ ಮಾಡಿಕೊಂಡರು, ಹದಿನಾಲ್ಕು ಹೆಜ್ಜೆ ನಡೆದು ಆರನೇ ಕೋಣೆಯ ಒಳಗೆ ಹೋದರು. "ಬಂದೆ" ಎಂದು ಮಾತ್ರ ಅವರು ಹೇಳಲಿಲ್ಲ.