ತೊಗಲು ಮಂಡಿಯ ಹಲಗೆಗಳು

ಅರವತ್ತರ ದಶಕದ ಆರಂಭ. ಆಗ ನಾನು ಸರ್ಕಾರಿ ಧಾನ್ಯದ ಉಗ್ರಾಣಗಳಲ್ಲಿ ಕೀಟ ಪರೀಕ್ಷಕನಾಗಿದ್ದೆ. ಮೂಟೆಗೆ ಹುಳ ಬಿದ್ದರೆ ಅದು ಯಾವ ಜಾತಿಯದು, ಎಲ್ಲಿಂದ ಬಂತು ಎಂದು ಹೇಳುವುದು ನನ್ನ ಕೆಲಸ. ಜಗಳ ಬಿಡಿಸುವುದು ಅದರಲ್ಲಿ ಸೇರಿರಲಿಲ್ಲ; ಆ ದಿನ ಅದೂ ಗಂಟುಬಿತ್ತು.

ಜಯನಗರದ ಮನೆಗಳು ಮುಗಿದು ಹೊಲ ಶುರುವಾಗುವ ಕಡೆ ಮಾಧೋಜಿ ರಾವ್ ಎಂಬುವರ ನಾಯಿ ಬಿಸ್ಕತ್ತಿನ ಕಾರ್ಖಾನೆ ಇತ್ತು. ರಾಗಿಹಿಟ್ಟಿಗೆ ಒಣಮಾಂಸದ ಪುಡಿ ಕಲಸಿ, ಸುಟ್ಟು, ಒಣಗಿಸಿ, ದಂಡಿನ ಬಂಗಲೆಗಳಿಗೆ ಕಳಿಸುತ್ತಿದ್ದರು. ಬಿಸ್ಕತ್ತಿಗೆಲ್ಲ ಹುಳ ಬಿದ್ದಿದೆ, ಬಂದು ನೋಡಿ ಎಂದು ಹೇಳಿಕಳಿಸಿದ್ದರಿಂದ ಸೈಕಲ್ ತುಳಿದುಕೊಂಡು ಹೋದೆ.

ಅಂಗಳದಲ್ಲಿ ಮೊದಲು ಕಂಡದ್ದು ರಕ್ತ. ಹೊಸಕೆರೆಹಳ್ಳಿಯಿಂದ ಹಿಟ್ಟು ತರುತ್ತಿದ್ದ ರೈತ ಚಿಕ್ಕಮುನಿಯಪ್ಪ ಗಾಡಿಯ ಚಕ್ರಕ್ಕೆ ಒರಗಿ ಕೂತಿದ್ದ. ಹಣೆ ಒಡೆದು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ರಾಯರ ಕೈಯಲ್ಲಿ ಬಿದಿರಿನ ದೊಣ್ಣೆ. ಅವನ ಎರಡೂ ಎತ್ತುಗಳನ್ನು ಬಿಚ್ಚಿಸಿ ತಮ್ಮ ಕೊಟ್ಟಿಗೆಯಲ್ಲಿ ಕಟ್ಟಿಹಾಕಿಸಿದ್ದರು. ಚಿಲಕ ಹಾಕಿದ ಗೇಟಿನಾಚೆ ಮುನಿಯಪ್ಪನ ತಮ್ಮ ಮಚ್ಚು ಬೀಸುತ್ತಾ, "ಎತ್ತು ಬಿಡ್ತೀಯೋ, ನಿನ್ ಕೈ ಕತ್ತರಿಸ್ಲೋ?" ಎಂದು ಅಬ್ಬರಿಸುತ್ತಿದ್ದ.

"ಇವನ ಹಿಟ್ಟಿಂದಾನೇ ಸಾರ್ ಹುಳ ಬಂದಿರೋದು. ನೀವು ಬರೆದು ಕೊಡಿ, ಎತ್ತು ನಾನೇ ಇಟ್ಕೋತೀನಿ" ಎಂದರು ರಾಯರು.

ನನಗೆ ಮೈಯೆಲ್ಲ ಉರಿದುಹೋಯಿತು. "ತೀರ್ಪು ನೀವೇ ಕೊಟ್ಟಾಗಿದೆ, ನನ್ನನ್ನ ಯಾಕ್ರೀ ಕರೆಸಿದ್ರಿ?" ಎಂದು ಬೈದುಕೊಂಡೇ ಉಗ್ರಾಣಕ್ಕೆ ನುಗ್ಗಿದೆ.

ಬಿಸ್ಕತ್ತು ಮುರಿದು ಬಿಳಿ ಕಾಗದದ ಮೇಲೆ ಕೊಡವಿದೆ. ಹಿಟ್ಟಿನ ದುಂಬಿ ಕೆಂಪುಮಿಶ್ರಿತ ಕಂದು, ಹೆಚ್ಚುಕಮ್ಮಿ ಎಳ್ಳಿನಷ್ಟು. ಅದರ ಮರಿಹುಳ ನುಣುಪು. ಇಲ್ಲಿ ಬಿದ್ದದ್ದು ಅದರ ಎರಡರಷ್ಟು ಉದ್ದದ ಕಪ್ಪು ದುಂಬಿ. ಮರಿಹುಳಗಳ ಮೈತುಂಬ ಕೂದಲು, ಹಿಂಬದಿಯಲ್ಲಿ ಎರಡು ಕೊಕ್ಕೆ. ಡರ್ಮೆಸ್ಟಿಸ್! ತೊಗಲು, ಒಣಮಾಂಸ ತಿಂದು ಬದುಕುವ ಜಾತಿ. ಬರೀ ರಾಗಿಹಿಟ್ಟಿನಲ್ಲಿ ಅದರ ಸಂಸಾರ ನಡೆಯುವುದಿಲ್ಲ. ಮುನಿಯಪ್ಪನ ಮೂಟೆಗಳನ್ನೂ ಜರಡಿ ಹಿಡಿದೆ. ಒಂದು ಹುಳವೂ ಇರಲಿಲ್ಲ.

ಅಂಗಳಕ್ಕೆ ಬಂದು, "ಇದು ಹಿಟ್ಟಿನದಲ್ಲ, ಮಾಂಸದ ಹುಳ" ಎಂದೆ. ಅಷ್ಟೇ ಸಾಕಾಯಿತು. ರಾಯರು ತಿರುಗಿ, ಮಾಂಸ ಕುಟ್ಟುವ ಆಳು ಅಂತೋಣಿಯ ಬೆನ್ನಿಗೆ ಬಾರಿಸಿಬಿಟ್ಟರು. ಅವನು ಒರಳಿನ ಮೇಲೆ ಕವುಚಿಬಿದ್ದ. ಎರಡನೆಯ ಏಟಿಗೆ ನಾನು ಎಡಗೈ ಅಡ್ಡ ಕೊಟ್ಟೆ, ಮಣಿಕಟ್ಟು ಲಟಕ್ಕೆಂದಿತು. ಅಯ್ಯೋ, ಆ ನೋವು! ಸಿಟ್ಟಿನಲ್ಲಿ ದೊಣ್ಣೆ ಕಿತ್ತು ಅಂಗಳದ ಮೂಲೆಯಲ್ಲಿದ್ದ ಬಾವಿಗೆಸೆದೆ.

"ಇನ್ನೊಬ್ಬರ ಮೈ ಮುಟ್ಟಿದ್ರೆ, ಆ ಮಚ್ಚಿನವನಿಗೆ ನಾನೇ ಗೇಟು ತೆಗೀತೀನಿ!"

ರಾಯರು ಹಿಂದೆ ಸರಿದರು. ನಾನು ಮತ್ತೆ ಒಳಗೆ ಹೋದೆ. ಈ ಹುಳಕ್ಕೆ ಒಂದು ಚಾಳಿಯಿದೆ: ಬಲಿತ ಮರಿ ತಿನ್ನುವುದನ್ನು ಬಿಟ್ಟು, ಕೋಶ ಕಟ್ಟಲು ಹತ್ತಿರದ ಮರ ಕೊರೆದು ಒಳಸೇರುತ್ತದೆ. ಬಿಸ್ಕತ್ತು ಜೋಡಿಸಿದ್ದ ಹಲಗೆಗಳ ಅಡಿಯೆಲ್ಲ ತೂತು. ಚಾಕುವಿನಿಂದ ಸೀಳಿದರೆ ಪೊರೆ, ಕೋಶ, ಜೀವಂತ ದುಂಬಿಗಳು ಉದುರಿದವು.

"ಈ ಹಲಗೆ ಎಲ್ಲಿಂದ ಬಂದವು?"

ಅಂತೋಣಿ ಬೆನ್ನು ಹಿಡಿದುಕೊಂಡೇ ಹೇಳಿದ: "ಹೋದ ತಿಂಗಳು ತೊಗಲು ಮಂಡಿ ಕೆಡವಿದ್ರಲ್ಲ ಸಾರ್, ಅಲ್ಲಿಂದ. ಅಗ್ಗಕ್ಕೆ ಸಿಕ್ತು ಅಂತ ಧಣಿಗಳೇ ಆರಿಸಿ ತಂದ್ರು."

ರಾಯರ ಮುಖ ಕಪ್ಪಿಟ್ಟಿತು. ಕೊಡಲಿ ತಂದು ಹಲಗೆಗಳನ್ನು ಕೊಚ್ಚತೊಡಗಿದರು. ಚೂರು ಸಿಡಿದು ಕೆನ್ನೆ ಹರಿದರೂ ನಿಲ್ಲಿಸಲಿಲ್ಲ. ಮುನಿಯಪ್ಪ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದ.

"ಹಲಗೆ ಒಡೆಯೋಕೆ ಮುಂಚೆ ತೂತು ನೋಡಿದ್ರಿ. ನನ್ ತಲೆ ಒಡೆಯೋಕೆ ಮುಂಚೆ ಮೂಟೆ ಬಿಚ್ಚಿ ನೋಡ್ಬಾರ್ದಾಗಿತ್ತಾ, ಸ್ವಾಮಿ?"

ಕೊಡಲಿ ನಿಂತಿತು. ರಾಯರೇ ಹೋಗಿ ಎತ್ತು ಬಿಚ್ಚಿ ತಂದರು. ಗೇಟು ತೆಗೆದಾಗ ಮುನಿಯಪ್ಪನ ತಮ್ಮ ಒಳಬಂದು, ಮಚ್ಚನ್ನು ಗಾಡಿಯೊಳಕ್ಕೆಸೆದು, ಅಣ್ಣನನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೊಡೆದ. ಆ ಕಣ್ಣಿಗೆ ಮತ್ತೆ ದೃಷ್ಟಿ ಬರಲಿಲ್ಲ.

ನನ್ನ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿದೆ. ಆಮೇಲೆ ನೌಕರಿಯುದ್ದಕ್ಕೂ ಎಲ್ಲಿ ಕರೆದರೂ ಮೊದಲು ಜನರ ಕೈ ನೋಡುತ್ತಿದ್ದೆ. ದೊಣ್ಣೆಯಿದ್ದರೆ ಕೆಳಗಿಡಿಸಿ, ಆಮೇಲೆ ಹುಳದ ಹೆಸರು ಹೇಳುತ್ತಿದ್ದೆ.