ಎಡಗಣ್ಣು ಇಪ್ಪತ್ತೆಂಟು, ಬಲಗಣ್ಣು ಹನ್ನೆರಡು

ವಿಜಯನಗರದ ಕಣ್ಣಾಸ್ಪತ್ರೆಯೊಂದರ ಸಂಶೋಧನಾ ಕೋಣೆಯಲ್ಲಿ ಜಲಜಾ ಹನ್ನೊಂದು ವರ್ಷದಿಂದ ಕಂಪ್ಯೂಟರಿಗೆ ಅಂಕಿ ತುಂಬಿಸುತ್ತಿದ್ದಾಳೆ. ಸಂಖ್ಯಾಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ಅವಳ ಎಡಗಣ್ಣು ಅರ್ಧ ಮಬ್ಬು. ಬಾತ್‌ರೂಮಿನಲ್ಲಿ ಜಾರಿ ಬಿದ್ದದ್ದೆಂದು ಮಾರೇನಹಳ್ಳಿಯ ನೆರೆಹೊರೆಯೆಲ್ಲ ನಂಬಿದೆ. ಗಂಡ ಉಗ್ರಪ್ಪನ ಮುಷ್ಟಿಯ ವಿಷಯ ಆ ದರಿದ್ರದವನ ಜೊತೆಗೇ ಮಣ್ಣಾಯಿತು ಎಂದುಕೊಂಡಿದ್ದಳು.

ಈ ಸಲದ ಅಧ್ಯಯನ ಪೆಟ್ಟು ಬಿದ್ದ ಕಣ್ಣಿನೊಳಗಿನ ಒತ್ತಡದ್ದು. ಒಬ್ಬರಿಗೆ ಎರಡು ಕಣ್ಣು, ಎರಡು ಅಂಕಿ. ಎರಡು ಕಣ್ಣನ್ನು ಇಬ್ಬರು ಮನುಷ್ಯರಂತೆ ಎಣಿಸಿದ್ದಕ್ಕೆ ಹಿಂದಿನ ಲೇಖನ ಸಂಶೋಧನಾ ಪತ್ರಿಕೆಯಿಂದ ವಾಪಸ್ ಬಂದಿತ್ತು. ಆ ಉರಿಯಲ್ಲಿ ಅಧ್ಯಯನದ ಮುಖ್ಯಸ್ಥರಾದ ಡಾಕ್ಟರ್ ಮೋಹನ್ ಕುಮಾರ್, "ಇನ್ಮೇಲೆ ಒಬ್ರಿಗೆ ಒಂದೇ ಅಂಕಿ. ಎರಡೂ ಕೂಡಿಸಿ ಸರಾಸರಿ ಹಾಕಿ" ಎಂದು ಕಟ್ಟಪ್ಪಣೆ ಮಾಡಿದ್ದರು.

"ಏಟು ತಿಂದ ಕಣ್ಣನ್ನ ಚೆನ್ನಾಗಿರೋ ಕಣ್ಣು ಮುಚ್ಚಾಕ್ಬಿಡುತ್ತೆ ಸಾರ್" ಎಂದಳು ಜಲಜಾ. ಯಾರು ಕೇಳಬೇಕು!

ಸೋಮವಾರ ಬೆಳಿಗ್ಗೆ ಬಂದ ಮೂವತ್ತೊಂಬತ್ತನೆಯ ಫಾರಂ ಅವಳ ಮಗಳು ವಚನಾಳದು. ಕಾರಣ: ಬಾತ್‌ರೂಮಿನಲ್ಲಿ ಜಾರಿದ್ದು. ಎಡಗಣ್ಣು ಇಪ್ಪತ್ತೆಂಟು, ಬಲಗಣ್ಣು ಹನ್ನೆರಡು. ಸರಾಸರಿ ಇಪ್ಪತ್ತು. ಇಪ್ಪತ್ತೊಂದರವರೆಗೆ ಚಿಂತೆಯಿಲ್ಲ.

ಬಾಗಿಲಲ್ಲಿ ಚಂದ್ರಾ ಲೇಔಟ್‌ನ ಅಳಿಯ ಮಹದೇವ್ ಕಂಪ್ಯೂಟರಿನ ಪರದೆ ಓದುತ್ತ ನಿಂತಿದ್ದ. ಹಿಂದೆ ಕಣ್ಣು ಊದಿಸಿಕೊಂಡ ವಚನಾ.

"ಏನತ್ತೆ, ಇಪ್ಪತ್ತು ಅಂದ್ರೆ ನಾರ್ಮಲ್ ತಾನೆ? ಕರ್ಕೊಂಡು ಹೋಗ್ತೀನಿ."

ಜಲಜಾ ಸರಾಸರಿಗಳನ್ನು ಅಳಿಸಿದಳು. ಒಬ್ಬೊಬ್ಬರ ಎಡಗಣ್ಣಿನ ಅಂಕಿಯಿಂದ ಬಲಗಣ್ಣಿನದನ್ನು ಕಳೆದಳು. ಜಾರಿ ಬಿದ್ದ ಹೆಂಗಸರು ಇಪ್ಪತ್ತಾರು. ಅದರಲ್ಲಿ ಇಪ್ಪತ್ತೆರಡು ಜನರಿಗೆ ಪೆಟ್ಟಾದದ್ದು ಎಡಗಣ್ಣಿಗೆ. ಜಾರುವ ನೆಲಕ್ಕೆ ಎಡ ಬಲ ಗೊತ್ತಿರುವುದಿಲ್ಲ. ಎದುರಿಗೆ ನಿಂತ ಗಂಡಸಿನ ಬಲಗೈಗೆ ಗೊತ್ತಿರುತ್ತದೆ. ಸರಾಸರಿ ಹಾಕಿ ಅಷ್ಟೂ ಜನರನ್ನು ಕಾಗದದ ಮೇಲೆ ಸರಿಮಾಡಿಟ್ಟವಳು ತಾನೇ.

"ಇಪ್ಪತ್ತಲ್ಲ, ಇಪ್ಪತ್ತೆಂಟು. ಹೊಡ್ದಿದೀಯ ನೀನು. ಅವಳು ಬರಲ್ಲ." ಅಳಿಯನನ್ನು ಎಂದೂ ಏಕವಚನದಲ್ಲಿ ಮಾತಾಡಿಸದವಳು ಅವಳು.

ಮಹದೇವ್ ವಚನಾಳ ಜುಟ್ಟು ಹಿಡಿದು ಎಳೆದ. ಅವಳ ತಲೆ ಬಾಗಿಲ ಚೌಕಟ್ಟಿಗೆ ಬಡಿಯಿತು, ತುಟಿ ಸೀಳಿತು. ಅಡ್ಡ ಬಂದ ಜಲಜಾಳ ಹೊಟ್ಟೆಗೆ ಒದ್ದ. ಬಿದ್ದಲ್ಲಿಂದಲೇ ಅವಳ ಕೈಗೆ ಫೈಲಿಗೆ ತೂತು ಹಾಕುವ ಕಬ್ಬಿಣದ ಪಂಚಿಂಗ್ ಮಷಿನ್ ಸಿಕ್ಕಿತು. ಎದ್ದು ಬೀಸಿದಳು. ಅವನ ಎಡಹುಬ್ಬು ಒಡೆದು ರಕ್ತ ಚಿಮ್ಮಿತು, ಗೋಡೆಗೊರಗಿ ಕುಸಿದ. ಎರಡನೆಯ ಏಟು ಬೇಕಿರಲಿಲ್ಲ. ಆದರೂ ಹೊಡೆದಳು. ಅದು ಉಗ್ರಪ್ಪನ ಪಾಲಿನದು.

ಡಾಕ್ಟರ್ ಓಡಿ ಬಂದರು. "ಏನ್ರೀ ಆಯ್ತು ಇವ್ರಿಗೆ?"

ವಚನಾ ಬಾಯಿಯ ರಕ್ತ ಒರೆಸಿಕೊಂಡಳು. "ಬಾತ್‌ರೂಮಲ್ಲಿ ಜಾರಿ ಬಿದ್ರು ಸಾರ್."

"ಇಲ್ಲ ಸಾರ್, ನಾನ್ ಹೊಡ್ದೆ" ಎಂದಳು ಜಲಜಾ. "ಹಂಗೇ ಬರ್ಕೊಳ್ಳಿ. ಪೊಲೀಸ್ನೋರಿಗೂ ಹಂಗೇ ಹೇಳ್ತೀನಿ."

ಸೆಕ್ಯೂರಿಟಿಯವರು ಬರುವಷ್ಟರಲ್ಲಿ ಅವಳು ಕಂಪ್ಯೂಟರಿನ ಮುಂದೆ ಕೂತಿದ್ದಳು. ಮಗಳ ಸಾಲಿನಲ್ಲಿ ಎಡಗಣ್ಣು ಇಪ್ಪತ್ತೆಂಟು, ಬಲಗಣ್ಣು ಹನ್ನೆರಡು ಎಂದು ಬೇರೆಬೇರೆ ಒತ್ತಿದಳು. ಕಾರಣವನ್ನು ತಿದ್ದಿದಳು: ಗಂಡ ಹೊಡೆದದ್ದು.