ಹುಲಿಕೆರೆಯ ಒಂದು ಗಂಟೆ

ಆ ಎರಡು ವರ್ಷ ನಾನು ಒಬ್ಬನೇ ಇದ್ದದ್ದು ಬಚ್ಚಲುಮನೆಯಲ್ಲಿ ಮಾತ್ರ. ಅದೂ ಹೆಸರಿಗೆ. ಅರಸೀಕೆರೆಯ ನಮ್ಮ ಬಾಡಿಗೆ ಮನೆಯ ಬಚ್ಚಲಿಗೆ ಮೂರು ಕಡೆ ತಗಡಿನ ಗೋಡೆ. ಒಳಗಿದ್ದವನು ಕೆಮ್ಮಿದರೂ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಮನೆಯೊಡತಿಗೆ ಕೇಳುತ್ತಿತ್ತು. "ಅದೆಷ್ಟು ನೀರು ಹುಯ್ಕೊಂತೀರಪ್ಪ, ತೊಟ್ಟಿ ಬರಿದಾಯ್ತದೆ" ಎಂದು ಆಕೆ ಕೂಗಿದರೆ ಮುಗಿಯಿತು, ಮೈ ಒರೆಸಿಕೊಂಡು ಹೊರಗೆ ಬರಬೇಕು. ಹೊರಗೆ ಬಂದರೆ ಜೊತೆಗಾರ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಆಗ ಮಾರ್ಮನ್ ಎಂಬ ಕ್ರೈಸ್ತ ಪಂಥದ ಮಿಷನರಿ, ಇಪ್ಪತ್ತು ವರ್ಷದವನು. ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರಿನ ಕಪ್ಪು ಪಟ್ಟಿ, ಹೆಗಲಿಗೆ ಚೀಲ. ಅರಸೀಕೆರೆಯಲ್ಲಿ ನಮ್ಮನ್ನು ನೋಡಿದವರೆಲ್ಲ ಮೆಡಿಕಲ್ ರೆಪ್ಪುಗಳೆಂದೇ ತಿಳಿಯುತ್ತಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರು ಅಂಗಿ ಎತ್ತಿ ತೋರಿಸಿ ತುರಿಕೆಗೆ ಮುಲಾಮು ಕೇಳಿದ್ದರು. ಮೈಸೂರಿನ ನಮ್ಮ ಮನೆಯಲ್ಲಿ ಯಾರೂ ಈ ಧರ್ಮದವರಲ್ಲ. ನಾನೊಬ್ಬನೇ ಕಾಲೇಜಿನ ಸ್ನೇಹಿತನ ಜೊತೆ ಹೋಗಿ ಹೋಗಿ ಸೇರಿದ್ದೆ. ಮಿಷನ್ನಿಗೆ ಹೊರಟ ದಿನ ಅಪ್ಪ ಪೇಪರಿನಿಂದ ಮುಖ ಎತ್ತದೆ "ಎರಡು ವರ್ಷ ಆದಮೇಲಾದ್ರೂ ಬುದ್ಧಿ ಬರುತ್ತೋ ನೋಡೋಣ" ಅಂದಿದ್ದರು.

ನಮ್ಮಲ್ಲಿ ಮಿಷನರಿಗಳು ಇಬ್ಬಿಬ್ಬರಾಗಿಯೇ ಇರಬೇಕು. ಏಳುವುದು, ಓದುವುದು, ಉಣ್ಣುವುದು, ಬಸ್ಸು ಹತ್ತುವುದು, ಎಲ್ಲವೂ ಜೊತೆಯಲ್ಲಿ. ಒಬ್ಬನ ಕಣ್ಣಳತೆಯಿಂದ ಇನ್ನೊಬ್ಬ ಆಚೆ ಹೋಗುವಂತಿಲ್ಲ. ಯಾರ ಜೊತೆ, ಎಷ್ಟು ದಿನ ಎಂಬುದನ್ನು ಬೆಂಗಳೂರಿನಲ್ಲಿದ್ದ ಮಿಷನ್ನಿನ ಅಧ್ಯಕ್ಷರು ತೀರ್ಮಾನಿಸುತ್ತಿದ್ದರು. ಆರು ವಾರಕ್ಕೊಮ್ಮೆ ಎದುರುಮನೆಯ ಫೋನಿಗೆ ಸುದ್ದಿ ಬರುತ್ತಿತ್ತು: ಇವನು ಅಲ್ಲಿಗೆ, ಅವನು ಇಲ್ಲಿಗೆ. ಜೋಡಿಯಲ್ಲಿ ಒಬ್ಬ ಹಿರಿಯ, ಒಬ್ಬ ಕಿರಿಯ. ನಾನು ಹತ್ತು ತಿಂಗಳಾದರೂ ಕಿರಿಯನಾಗಿಯೇ ಉಳಿದಿದ್ದೆ. ನನ್ನ ಜೊತೆ ಸೇರಿದವರು ಆಗಲೇ ಹಿರಿಯರಾಗಿದ್ದರು. ಅದು ನನ್ನನ್ನು ಎಷ್ಟು ಕೊರೆಯುತ್ತಿತ್ತೆಂದರೆ, ಪ್ರಾರ್ಥನೆಗೆ ಮಂಡಿಯೂರಿದಾಗಲೂ ಅದೇ ಲೆಕ್ಕಾಚಾರ.

ಮೊದಲೇ ನನಗೆ ಕಾಲು ನಿಲ್ಲುವುದಿಲ್ಲ. ಕೂತಲ್ಲಿ ಮಂಡಿ ಅಲುಗಾಡಿಸುತ್ತಿರುತ್ತೇನೆ, ಇವತ್ತಿಗೂ. ಅರಸೀಕೆರೆಯ ಮೊದಲ ಜೊತೆಗಾರ ಆಂಧ್ರದ ಕಡೆಯವನು. ಅವನ ಕೈಗಡಿಯಾರಕ್ಕೆ ನಾನು ಹೆದರಿದಷ್ಟು ಸ್ಕೂಲಿನ ಹೆಡ್ಮಾಸ್ಟರಿಗೂ ಹೆದರಿರಲಿಲ್ಲ. ಊಟಕ್ಕೆ ಕೂತರೆ "ಇನ್ನು ಎಂಟು ನಿಮಿಷ" ಅನ್ನುತ್ತಿದ್ದ. ಎರಡನೆಯವನು ಚೆನ್ನೈನವನು, ಭಾರೀ ಮಾತುಗಾರ. ಬೇಲೂರಿಗೆ ಹೋದಾಗ ದೇವಸ್ಥಾನದ ಮುಂದೆ ಗೈಡುಗಳ ಹತ್ತಿರ ನಿಂತು ಹರಟಿ ಹರಟಿ, ಗೆಂಡೆಹಳ್ಳಿಯಲ್ಲಿ ನಮಗಾಗಿ ಕಾಯುತ್ತಿದ್ದ ಮನೆಯವರನ್ನೇ ಮರೆತುಬಿಟ್ಟಿದ್ದ. ಮೊದಲನೆಯವನ ಜೊತೆ ಉಸಿರುಗಟ್ಟುತ್ತಿತ್ತು, ಎರಡನೆಯವನ ಜೊತೆ ತಲೆ ಚಿಟ್ಟು ಹಿಡಿಯುತ್ತಿತ್ತು. ಇಬ್ಬರೂ ಹೋದಾಗ ನನಗೆ ಹಾಯೆನಿಸಿತು. ಮೂರನೆಯವನು ಬಂದ.

ಕೋಲಾರದ ಚಿನ್ನದ ಗಣಿಯ ಕಾಲೊನಿಯಲ್ಲಿ ಬೆಳೆದವನು. ನನಗಿಂತ ಎರಡೇ ತಿಂಗಳು ಮುಂಚೆ ಮಿಷನ್ನಿಗೆ ಬಂದಿದ್ದ, ಆದರೆ ಹಿರಿಯ. ಕುಳ್ಳ, ಕಪ್ಪು, ಮಾತು ಕಡಿಮೆ. ಕನ್ನಡ ಆಡಿದರೆ ನಡುನಡುವೆ ತಮಿಳು ಇಣುಕುತ್ತಿತ್ತು. ಇಂಥವನು ನನಗೆ ಹಿರಿಯನೇ ಎಂದು ಮೊದಲ ದಿನವೇ ಹೊಟ್ಟೆ ಉರಿಯಿತು.

ಬೀದಿಯಲ್ಲಿ ನಿಂತು ಬೋಧಿಸುವುದು ನಮಗೆ ನಿಷಿದ್ಧ. ಕರೆದವರ ಮನೆಗೆ ಮಾತ್ರ ಹೋಗಬೇಕು. ಕರೆಯುವವರು ಕಡಿಮೆ. ಕರೆದವರಲ್ಲಿ ಜಾವಗಲ್ಲಿನ ಒಬ್ಬ ನಿವೃತ್ತ ಮೇಷ್ಟ್ರಿದ್ದರು. ಬೌದ್ಧರು. ಮತಾಂತರದ ಮಾತೇ ಇಲ್ಲ, ಅವರಿಗೆ ಬೇಕಿದ್ದದ್ದು ವಾದ. "ಬನ್ನಿ ಬನ್ನಿ, ಹೋದ ವಾರ ದೇವರು ಇದ್ದಾನೆ ಅಂತ ಹೇಳಿ ಬಸ್ಸು ಹಿಡ್ಕೊಂಡು ಓಡಿಹೋದ್ರಿ. ಇವತ್ತು ಬಿಡಲ್ಲ" ಎಂದು ಹಜಾರದಲ್ಲಿ ಕುರ್ಚಿ ಎಳೆದು ಹಾಕುತ್ತಿದ್ದರು. ನನಗೆ ವಾದವೆಂದರೆ ಹುಮ್ಮಸ್ಸು. ಬೈಬಲಿನ ವಚನ ಹುಡುಕಿ ಹುಡುಕಿ ತೆಗೆಯುತ್ತಿದ್ದೆ. ನನ್ನ ಜೊತೆಗಾರ ಸುಮ್ಮನೆ ಕೂತಿರುತ್ತಿದ್ದ.

ಮೇಷ್ಟ್ರ ಹೆಂಡತಿ ಪ್ರತಿಸಲ ಕಾಫಿ ತರುತ್ತಿದ್ದರು, ಪ್ರತಿಸಲ ನಾವು ಬೇಡವೆನ್ನುತ್ತಿದ್ದೆವು. ನಮ್ಮಲ್ಲಿ ಕಾಫಿ, ಟೀ ಎರಡೂ ಕುಡಿಯುವಂತಿಲ್ಲ.

"ಕಾಪಿ ಕುಡಿಯಾಕಿಲ್ವಾ? ಟೀನೂ ಇಲ್ವಾ? ಅಯ್ಯೋ ಶಿವನೇ, ಮತ್ತೆ ಮನೆಗೆ ಬಂದೋರ್ಗೆ ಏನ್ ಕೊಡಾದು?"

ನಾನು ನಿಯಮ ವಿವರಿಸಲು ಶುರುಮಾಡಿದೆ. ಅವನು ಮಾತ್ರ ಎದ್ದು ಅಡುಗೆಮನೆಯ ಬಾಗಿಲ ತನಕ ಹೋಗಿ, "ಅಮ್ಮಾ, ಮಜ್ಜಿಗೆ ಇದ್ರೆ ಕೊಡಿ, ನಮ್ಮಮ್ಮ ಅದೇ ಕೊಡ್ತಿದ್ರು" ಅಂದ. ಅವತ್ತಿನಿಂದ ಆಕೆಗೆ ಅವನು ಮಗನಾದ. ನಾನು "ಆ ಇನ್ನೊಬ್ರು". ಅವನಿಗೆ ಎರಡು ಲೋಟ ಮಜ್ಜಿಗೆ, ನನಗೆ ಒಂದು. ನಗು ಬರುವಂಥ ವಿಷಯ, ಆದರೆ ಆಗ ನನಗೆ ನಗು ಬರಲಿಲ್ಲ.

ಸೋಮವಾರ ನಮಗೆ ಬಿಡುವು. ಬಟ್ಟೆ ಒಗೆದು, ಮನೆಗೆ ಕಾಗದ ಬರೆದು, ಅಧ್ಯಕ್ಷರಿಗೆ ವಾರದ ಪತ್ರ ಬರೆಯಬೇಕು. ಆ ಪತ್ರ ಎಲ್ಲರೂ ಬರೆಯಲೇಬೇಕಾದದ್ದು. ವಾರ ಹೇಗೆ ಹೋಯಿತು, ಮನಸ್ಸು ಹೇಗಿದೆ, ಜೊತೆಗಾರನ ಜೊತೆ ಹೊಂದಾಣಿಕೆ ಹೇಗಿದೆ. ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡುವಂತಿಲ್ಲ. ಅದೆಲ್ಲ ಮುಗಿದಮೇಲೆ ಸಂಜೆಯ ತನಕ ಎಲ್ಲಿಗಾದರೂ ಹೋಗಬಹುದು. ಮೇಷ್ಟ್ರು ಒಮ್ಮೆ "ಹಳೇಬೀಡು ಎಲ್ಲರೂ ನೋಡ್ತಾರೆ. ಹುಲಿಕೆರೆ ಕಲ್ಯಾಣಿ ನೋಡಿ" ಅಂದಿದ್ದರು. ಹೋದೆವು. ಹಳೇಬೀಡಿನಲ್ಲಿ ಬಸ್ಸಿಳಿದು, ರಾಗಿ ಹೊಲಗಳ ಪಕ್ಕದಲ್ಲಿ ಬಿಸಿಲಲ್ಲಿ ನಡೆದು.

ಕಲ್ಯಾಣಿಯ ಸುತ್ತ ಪುಟ್ಟ ಗುಡಿಗಳು, ಕೆಳಕ್ಕೆ ಇಳಿಯುವ ಕಲ್ಲಿನ ಮೆಟ್ಟಿಲು, ತಳದಲ್ಲಿ ಹಸಿರು ನೀರು. ಯಾರೂ ಇರಲಿಲ್ಲ. ಅವನು ಸ್ವಲ್ಪ ಹೊತ್ತು ನೋಡಿ, "ನಿನ್ನ ಹತ್ರ ಒಂದು ಕೇಳ್ಲಾ?" ಅಂದ.

"ಕೇಳು."

"ಒಂದು ಗಂಟೆ ನನ್ನ ಒಬ್ಬನೇ ಬಿಡ್ತೀಯಾ? ನಾನು ಕೆಳಗೆ ಕೂತ್ಕೋತೀನಿ. ನೀನು ಆ ಕಡೆ ಮರದ ಹತ್ರ ಇರು. ನೋಡಬೇಡ."

ಯಾಕೆಂದು ಕೇಳಿದೆ. ಅವನು ಮರೆಮಾಚಲಿಲ್ಲ. ಮೂರು ತಿಂಗಳ ಹಿಂದೆ ಬೇರೆ ಊರಿನಲ್ಲಿದ್ದಾಗ ಅವನ ಅಮ್ಮ ತೀರಿಕೊಂಡಿದ್ದರು. ಬೇಕಿದ್ದರೆ ಮನೆಗೆ ಹೋಗಬಹುದಿತ್ತು. ಆದರೆ ಅವನನ್ನು ಕಳಿಸಿದ್ದೇ ಆಕೆ, ಮುಗಿಸಿಕೊಂಡೇ ಬಾ ಅಂದಿದ್ದರಂತೆ. ಹೋಗಲಿಲ್ಲ. ಮಣ್ಣು ಹಾಕಲಿಲ್ಲ. "ಅಳೋಕೆ ಜಾಗ ಇಲ್ಲಪ್ಪಾ. ರೂಮಲ್ಲಿ ನೀನು ಇರ್ತೀಯ. ಬಚ್ಚಲಲ್ಲಿ ಅತ್ರೆ ಓನರಮ್ಮ ಕೇಳಿಸ್ಕೊಂಡು ಏನಾಯ್ತು ಅಂತ ಓಡಿಬರ್ತಾರೆ."

ಬಿಟ್ಟೆ. ಹುಣಿಸೆ ಮರದ ಕೆಳಗೆ ಹೋಗಿ ಕೂತೆ. ನನ್ನ ಜೀವನದ ಅತಿ ಉದ್ದದ ಗಂಟೆ ಅದು. ಹತ್ತು ತಿಂಗಳ ನಂತರ ಮೊದಲ ಸಲ ನನ್ನ ಪಕ್ಕದಲ್ಲಿ ಯಾರೂ ಇಲ್ಲ, ಏನು ಮಾಡಬೇಕೆಂದೇ ತೋಚಲಿಲ್ಲ. ಎದ್ದೆ, ಕೂತೆ, ಕಲ್ಲು ಒದ್ದೆ. ಯಾರಾದರೂ ನೋಡಿದರೆ? ಸುದ್ದಿ ಬೆಂಗಳೂರಿಗೆ ಹೋದರೆ? ಆಮೇಲೆ ನನ್ನನ್ನು ಯಾರು ಹಿರಿಯನನ್ನಾಗಿ ಮಾಡುತ್ತಾರೆ? ಅವನು ಮೇಲೆ ಬಂದಾಗ ಕಣ್ಣು ಕೆಂಪಾಗಿತ್ತು, ಮುಖ ತೊಳೆದಿದ್ದ. ವಾಪಸ್ ಬಸ್ಸಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದ.

ಆಮೇಲೆ ಪ್ರತಿ ಸೋಮವಾರ ಹುಲಿಕೆರೆ. ಅವನು ದಿನದಿನಕ್ಕೆ ಗೆಲುವಾದ, ನಾನು ದಿನದಿನಕ್ಕೆ ಸಿಡುಕನಾದೆ. ಜಾವಗಲ್ಲಿನಲ್ಲಿ ಅವನಿಗೆ ಮುದ್ದೆ, ಹುರುಳಿಕಾಳಿನ ಬಸ್ಸಾರು ಎಂದು ಕರೆದು ಬಡಿಸುವುದು ಶುರುವಾಯಿತು. ವಾದದಲ್ಲಿ ಒಮ್ಮೆಯೂ ಬಾಯಿ ಬಿಡದವನನ್ನು ತೋರಿಸಿ ಮೇಷ್ಟ್ರು ಕೂಡ "ನಿಮ್ಮ ಧರ್ಮದ ಬಗ್ಗೆ ನಂಗೊಂದಿಷ್ಟು ಗೌರವ ಬಂದಿರೋದು ಇವರನ್ನ ನೋಡಿ ಕಣ್ರೀ" ಅಂದರು. ನನ್ನ ಕಡೆ ತಿರುಗಿಯೇ ಅಂದರು.

ಐದನೆಯ ಸೋಮವಾರ ಪತ್ರ ಬರೆಯಲು ಕೂತೆ. ಮುಂದಿನ ವಾರ ವರ್ಗಾವಣೆಯ ಸುದ್ದಿ ಬರುವುದಿತ್ತು. ಅವನು ಹೊಸ್ತಿಲ ಮೇಲೆ ಕೂತು ತನ್ನ ಪತ್ರ ಬರೆಯುತ್ತಿದ್ದ. ನಾನು ಬರೆದೆ: ನನ್ನ ಜೊತೆಗಾರ ವಾರಕ್ಕೊಮ್ಮೆ ಒಂದು ಗಂಟೆ ನನ್ನನ್ನು ದೂರ ಕಳಿಸಿ ಒಬ್ಬನೇ ಇರುತ್ತಾನೆ. ಎಲ್ಲಿ, ಯಾವಾಗ, ಎಷ್ಟು ಸಲ, ಎಲ್ಲ ಬರೆದೆ. ನಿಯಮ ಮುರಿಯುವುದು ನನ್ನ ಮನಸ್ಸಾಕ್ಷಿಗೆ ಒಪ್ಪುತ್ತಿಲ್ಲ ಎಂದೂ ಬರೆದೆ. ಒಂದಕ್ಷರ ಸುಳ್ಳಿಲ್ಲ. ಅವನ ಅಮ್ಮನ ವಿಷಯ ಬರೆಯಲಿಲ್ಲ. ಬರೆದರೆ ನನ್ನ ದೂರು ದೂರಾಗಿ ಉಳಿಯುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಲಕೋಟೆ ಅಂಟಿಸಿ, ಅವನ ಜೊತೆಯಲ್ಲೇ ನಡೆದು ಹೋಗಿ ಅಂಚೆಪೆಟ್ಟಿಗೆಗೆ ಹಾಕಿದೆ. ಅವನೂ ತನ್ನದನ್ನು ಹಾಕಿದ. ಅವತ್ತೂ ಹುಲಿಕೆರೆಗೆ ಹೋದೆವು.

ಫೋನು ಬಂತು. ಅವನು ಹೋಗುತ್ತಾನೆ, ನಾನು ಹಿರಿಯನಾಗಿ ಉಳಿಯುತ್ತೇನೆ ಎಂದು ಕಾದಿದ್ದೆ. ಹೊರಡಬೇಕಾದವನು ನಾನು. ಬೆಂಗಳೂರಿಗೆ.

ನಮ್ಮಲ್ಲಿ ಜೊತೆಗಾರರು ಬದಲಾಗುವಾಗಲೂ ಒಬ್ಬ ಒಂಟಿಯಾಗುವಂತಿಲ್ಲ. ಹೊಸಬ ಯಾವ ರೈಲಿನಲ್ಲಿ ಬರುತ್ತಾನೋ ಅದನ್ನು ನೋಡಿಕೊಂಡೇ ಹಳಬ ಹೊರಡಬೇಕು. ಅರಸೀಕೆರೆ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಕಡೆಯಿಂದ ಬಂದ ರೈಲಿನಿಂದ ಹೊಸಬ ಟ್ರಂಕು ಇಳಿಸಿದ, ಅದೇ ಬೋಗಿಗೆ ನಾನು ನನ್ನ ಟ್ರಂಕು ಏರಿಸಿದೆ. ಬೆಂಗಳೂರಿನ ತನಕ ಜೊತೆಗೆಂದು ಇನ್ನೊಬ್ಬ ಮಿಷನರಿ ಒಳಗೇ ಕೂತಿದ್ದ. ಕಿಟಕಿಯ ಹತ್ತಿರ ಬಂದು ನನ್ನ ಗಣಿಯ ಊರಿನವನು ಕೈ ಹಿಡಿದ.

"ನಿನ್ನಂಥವನು ನಂಗೆ ಮತ್ತೆ ಸಿಗಲ್ಲ" ಅಂದ. "ಬೇರೆ ಯಾರಾದ್ರೂ ಆಗಿದ್ರೆ ಬಿಡ್ತಿರ್ಲಿಲ್ಲ."

ನಾನು "ಇರಲಿ ಬಿಡು" ಅಂದೆ. ರೈಲು ಬೇಗ ಹೊರಡಲಿ ಎಂದು ಚಡಪಡಿಸುತ್ತಿದ್ದೆ. ಅದು ಹೊರಡಲಿಲ್ಲ, ಇನ್ನೂ ಹತ್ತು ನಿಮಿಷ ನಿಂತಿತು. ಅಷ್ಟು ಹೊತ್ತೂ ಅವನು ಕೈ ಬಿಡಲಿಲ್ಲ.

ಮಾರನೆಯ ದಿನ ಅಧ್ಯಕ್ಷರು ಒಳಗೆ ಕರೆದರು. ತಲೆ ನರೆತ, ಮೆಲುದನಿಯ ಮನುಷ್ಯ. ಕೂರಿಸಿ, ನೀರು ಕೊಟ್ಟರು.

"ನಿನ್ನ ಪತ್ರ ಓದಿದೆ. ಹುಲಿಕೆರೆಯ ವಿಷಯ ನನಗೆ ಮೊದಲ ವಾರದಿಂದಲೇ ಗೊತ್ತು" ಅಂದರು. "ಅವನೇ ಬರೆಯುತ್ತಿದ್ದ. ಪ್ರತಿ ವಾರ. ನಿಯಮ ಮುರಿದದ್ದು ನಾನು, ಜೊತೆಗಾರನದೇನೂ ತಪ್ಪಿಲ್ಲ, ಅವನಂಥ ಒಳ್ಳೆಯವನನ್ನು ನಾನು ನೋಡಿಲ್ಲ ಅಂತ. ನಾನು ಸುಮ್ಮನಿದ್ದೆ. ನಿಮ್ಮಿಬ್ಬರನ್ನೂ ಇನ್ನು ಆರು ವಾರ ಅಲ್ಲೇ ಬಿಡಬೇಕು ಅಂತಿದ್ದೆ. ಅಷ್ಟರಲ್ಲಿ ನಿನ್ನ ಪತ್ರ ಬಂತು."

ಅಲುಗಾಡುತ್ತಿದ್ದ ಮಂಡಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದೆ.

"ಅವನ ತಾಯಿಯ ವಿಷಯ ನಿನಗೆ ಗೊತ್ತಿರಲಿಲ್ಲವೇ?"

"ಗೊತ್ತಿತ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನಿಗೆ ಹೇಳುತ್ತೀರಾ ಎಂದು ನಾನೇ ಕೇಳಿದೆ. "ಇಲ್ಲ. ಹೇಳಬೇಕು ಅನ್ನಿಸಿದರೆ ನೀನೇ ಬರಿ" ಅಂದರು. ಬರೆಯಲಿಲ್ಲ. ಅವನು ಅರಸೀಕೆರೆಯಿಂದ ಎರಡು ಕಾಗದ ಬರೆದ, ಎರಡರಲ್ಲೂ ಮೇಷ್ಟ್ರ ಹೆಂಡತಿ ನಿನ್ನನ್ನು ಕೇಳಿದರು ಎಂದಿತ್ತು. ನಾನು ಹವಾಮಾನದ ಬಗ್ಗೆ ಉತ್ತರ ಬರೆದೆ. ಇಷ್ಟು ವರ್ಷವಾದರೂ ಅವನಿಗೆ ಗೊತ್ತಿಲ್ಲ.

ಆ ದಿನ ಅಧ್ಯಕ್ಷರ ಕೋಣೆಯಿಂದ ಎದ್ದು ಬಂದಾಗ ಎಲ್ಲಾದರೂ ಹೋಗಿ ಗಟ್ಟಿಯಾಗಿ ಅತ್ತುಬಿಡಬೇಕು ಅನ್ನಿಸಿತು. ಬಾಗಿಲ ಹೊರಗೆ ನನ್ನ ಹೊಸ ಜೊತೆಗಾರ ನಿಂತಿದ್ದ. ನನ್ನ ಮುಖ ನೋಡಿ ಗಾಬರಿಯಾಗಿ, "ಏನಾಯ್ತು? ಏನಾದ್ರೂ ಬೇಕಾ?" ಎಂದು ಕೇಳಿದ. ಒಳ್ಳೆಯ ಹುಡುಗ, ಕೇಳಿದ್ದರೆ ಕೊಡುತ್ತಿದ್ದನೋ ಏನೋ. ಒಂದು ಗಂಟೆ ನನ್ನನ್ನು ಒಬ್ಬನೇ ಬಿಡು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.